ಎದೆಯ ಬಲಗಡೆ

"ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ."

ತನ್ಮಯಿ ಹಿಡಿದುಕೊಂಡಳು. ಎದೆಗೆ ಒತ್ತಿದ ಎಕ್ಸ್-ರೇ ಹಲಗೆ ತಣ್ಣಗಿತ್ತು. ದವಡೆಗೂ ಕೆನ್ನೆಗೂ ನಡುವೆ ಒಂದು ಲವಂಗವಿತ್ತು. ನಾಲ್ಕು ಜನರೆದುರು ಹೋಗುವಾಗೆಲ್ಲ ಕೆಮ್ಮು ಬರದಿರಲೆಂದು ಅಮ್ಮ ಕೊಟ್ಟು ಕಳಿಸುವ ಲವಂಗ ಅದು.

ಗಾಜಿನ ಆಚೆ ಗುಂಡಿ ಒತ್ತಿದ ಸದ್ದಾಯಿತು. ಇನ್ನು 'ಬಿಡಿ' ಅನ್ನಬೇಕು. ಎಲ್ಲ ಕಡೆಯೂ ಹಾಗೇ ಅನ್ನುತ್ತಾರೆ.

ಅವನು ಅನ್ನಲಿಲ್ಲ.

ಹತ್ತು ಎಣಿಸಿದಳು... ಹದಿನೈದು... 'ಇವನೇನು ಮರೆತೇಬಿಟ್ಟನಾ? ಹೇಳುವ ಮೊದಲೇ ಬಿಟ್ಟರೆ ಚಿತ್ರ ಕೆಡುತ್ತೇನೋ...' ಹೇಳಿದ್ದನ್ನು ಹೇಳಿದಷ್ಟು ಹೊತ್ತು ಮಾಡುವುದು ಇಪ್ಪತ್ತೆಂಟು ವರ್ಷಗಳಲ್ಲಿ ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಕೊನೆಗೆ ಎದೆಯೇ ಸೋತಿತು. ಕೆಮ್ಮು ನುಗ್ಗಿ ಬಂತು, ಲವಂಗ ನೆಲಕ್ಕೆ ಬಿತ್ತು. ಕಣ್ಣಲ್ಲಿ ನೀರು, ಬಾಯಿಗೆ ಸೆರಗು. ಕೆಮ್ಮಿನ ನಡುವೆಯೇ ಅವಳು ಕ್ಷಮೆ ಕೇಳತೊಡಗಿದಳು.

ಬಾಗಿಲು ತಳ್ಳಿಕೊಂಡು ಅವನು ನೀರಿನ ಬಾಟಲಿ ತಂದ. ಮೂವತ್ತರ ಆಸುಪಾಸಿನವನು. ನೀಲಿ ಅಂಗಿಯ ಜೇಬಿನ ಮೇಲೆ ಶಿಶಿರ ಎಂದು ಹೆಸರಿತ್ತು.

"ತಪ್ಪು ನಂದು. ಮಾನಿಟರ್ ನೋಡ್ತಾ ನಿಂತ್ಬಿಟ್ಟೆ," ಅಂದ. "ನೀವು ಪೂರ್ತಿ ಕೆಮ್ಮಿ. ನಂಗೇನೂ ಅವಸರ ಇಲ್ಲ."

ಪೂರ್ತಿ ಕೆಮ್ಮಿ! ಹುಟ್ಟಿದಾಗಿನಿಂದ ಜೊತೆಗಿರುವ ಈ ಕೆಮ್ಮಿನ ಬಗ್ಗೆ ಅಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಶೆಟ್ಟಿಕೊಪ್ಪದ ಅವಳ ಮನೆಯಲ್ಲಿ ಕೆಮ್ಮಿಗೆ ಬೇರೆಯೇ ಏರ್ಪಾಡಿತ್ತು. ಯಾರಾದರೂ ಮನೆಗೆ ಬಂದರೆ ತನ್ಮಯಿ ಒಳಕೋಣೆ ಸೇರಬೇಕು. ಕೆಮ್ಮು ಶುರುವಾಯಿತೋ, ಅಮ್ಮ ಗೋದಾವರಿ ಓಡಿಹೋಗಿ ಮಿಕ್ಸಿ ಹಾಕುತ್ತಿದ್ದರು. ಎಷ್ಟೋ ಸಲ ಜಾರಿನಲ್ಲಿ ಏನೂ ಇರುತ್ತಿರಲಿಲ್ಲ. ಇವರ ಮನೆಯಲ್ಲಿ ದಿನಕ್ಕೆ ಎಷ್ಟು ಚಟ್ನಿ ತಿನ್ನುತ್ತಾರಪ್ಪ ಎಂದು ಪಕ್ಕದ ಮನೆಯ ಭೈರಮ್ಮನಿಗೆ ಇವತ್ತಿಗೂ ಆಶ್ಚರ್ಯ.

ಒಂಬತ್ತು ವರ್ಷದ ಹಿಂದೆ ಕೊಪ್ಪ ಪೇಟೆಯ ಇದೇ ಎಕ್ಸ್-ರೇ ಸೆಂಟರಿನಲ್ಲಿ ತೆಗೆಸಿದ ಚಿತ್ರದಲ್ಲಿ ಕಲೆ ಕಂಡಿತ್ತು. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಟಿಬಿ ಇರಬಹುದೆಂದು ಆರು ತಿಂಗಳು ಮಾತ್ರೆ ಕೊಟ್ಟರು. ಬಿಎಸ್ಸಿ ಮೊದಲ ವರ್ಷಕ್ಕೇ ನಿಂತಿತು. ಹಾಸ್ಟೆಲಿನ ಗೆಳತಿಯರು ಅವಳ ತಟ್ಟೆ ಲೋಟ ಬೇರೆ ಇಟ್ಟರು. ಮಾತ್ರೆ ಮುಗಿದರೂ ಕೆಮ್ಮು ಹೋಗಲಿಲ್ಲ. ಎರಡು ಸಂಬಂಧಗಳು ಬಂದು ತಪ್ಪಿಹೋದವು. ಈಗ ಅವಳು ಕೋಣೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಆ ಕೆಲಸಕ್ಕೆ ಯಾರ ಎದುರೂ ಕೂರಬೇಕಿಲ್ಲ.

ಮೂರನೆಯ ಸಂಬಂಧ ಶೃಂಗೇರಿಯದು. ಹುಡುಗನ ಹೆಸರು ಯಜ್ಞೇಶ. ಅವನ ತಾಯಿಗೆ ಎಲ್ಲಿಂದಲೋ ಸುದ್ದಿ ಮುಟ್ಟಿ, ಎದೆಯ ಹೊಸ ಚಿತ್ರ ತೋರಿಸಿದರೆ ಆಷಾಢ ಕಳೆದ ಮೇಲೆ ಮಾತಿಗೆ ಬರುತ್ತೇವೆ ಎಂದಿದ್ದರು. ಅದಕ್ಕೇ ಇವತ್ತು ಈ ಎಕ್ಸ್-ರೇ. ಹೊರಗಿನ ಬೆಂಚಿನಲ್ಲಿ ಗೋದಾವರಿ ಅಕ್ಕಪಕ್ಕದವರಿಗೆ, ತನ್ನ ಮಂಡಿ ನೋವಿಗೆ ಬಂದದ್ದು ಎಂದು ಹೇಳುತ್ತಿದ್ದರು.

ಕೆಮ್ಮು ನಿಂತ ಮೇಲೆ ಶಿಶಿರ ವಿಚಿತ್ರವಾದ ಪ್ರಶ್ನೆ ಕೇಳಿದ.

"ನಿಮ್ಮ ಎದೆ ಬಡಿತ ನಿಮ್ಗೆ ಎಲ್ಲಿ ಗೊತ್ತಾಗುತ್ತೆ? ಸ್ವಲ್ಪ ಕೈ ಇಟ್ಟು ತೋರ್ಸಿ."

ಅವಳು ಬಲಗಡೆ ಕೈ ಇಟ್ಟಳು.

ಶಾಲೆಯಲ್ಲಿ ಟೀಚರು ಎದೆಯ ಎಡಗಡೆ ಕೈ ಇಟ್ಟು ಬಡಿತ ಎಣಿಸಲು ಹೇಳಿದ್ದರು. ಅವಳಿಗೆ ಅಲ್ಲಿ ಏನೂ ಸಿಕ್ಕಿರಲಿಲ್ಲ. ಉಳಿದ ಮಕ್ಕಳೂ ತನ್ನ ಹಾಗೆ ಸುಳ್ಳೇ ಎಣಿಸುತ್ತಿದ್ದಾರೆ ಎಂದುಕೊಂಡು ಎಪ್ಪತ್ತೆರಡು ಎಂದು ಬರೆದುಕೊಟ್ಟಿದ್ದಳು.

"ಇಲ್ಲೇ... ಎಲ್ಲರಿಗೂ ಇಲ್ಲೇ ಅಲ್ವಾ?"

"ಅಲ್ಲ," ಅಂದ ಅವನು ಮೆಲ್ಲಗೆ. "ಆದ್ರೆ ನಿಮ್ಗೆ ಅಲ್ಲೇ."

ಅವನು ಅವಳನ್ನು ಮಾನಿಟರಿನ ಹತ್ತಿರ ಕರೆದು ತೋರಿಸಿದ. ಎಲ್ಲರಿಗೂ ಎಡಕ್ಕೆ ಇರುವ ಹೃದಯ ಅವಳಿಗೆ ಬಲಕ್ಕಿತ್ತು. ಹಾಗಿದ್ದರೂ ಜನ ಚೆನ್ನಾಗಿಯೇ ಬದುಕುತ್ತಾರೆ, ಆದರೆ ಈ ಕೆಮ್ಮಿಗೂ ಅದಕ್ಕೂ ನಂಟಿರಬಹುದು, ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದ. ಹಳೆಯ ಎಕ್ಸ್-ರೇ ಇದ್ದರೆ ತರಲು ಹೇಳಿದ.

ಬಸ್ಸಿನಲ್ಲಿ ವಾಪಸಾಗುವಾಗ ತನ್ಮಯಿ ಸೆರಗಿನ ಮರೆಯಲ್ಲಿ ಮತ್ತೆ ಮತ್ತೆ ಬಲಗಡೆ ಮುಟ್ಟಿ ನೋಡಿಕೊಂಡಳು. ಅದು ಯಾಕೋ ಜೋರಾಗಿ ಬಡಿದುಕೊಳ್ಳುತ್ತಿತ್ತು.

*

ಮರುವಾರ ಹಳೆಯ ಫಿಲ್ಮು ಬಂತು. ಅದರಲ್ಲಿ ಹೃದಯ ಎಡಕ್ಕಿತ್ತು!

'ಒಂಬತ್ತು ವರ್ಷದಲ್ಲಿ ಹೃದಯ ಎಲ್ಲಾದರೂ ಜಾಗ ಬದಲಿಸುತ್ತದೆಯೇ?' ಎಂದು ತನ್ಮಯಿ ಬೆರಗಾದಳು. ಶಿಶಿರ ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು ಅದರ ಮೂಲೆಯನ್ನೇ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

ಅವಳಿಗೆ ಆ ದಿನ ತಿಳಿಯದ್ದನ್ನು ನಿಮಗೆ ಹೇಳಿಬಿಡುತ್ತೇನೆ. ನಿಮ್ಮಿಂದ ಮುಚ್ಚಿಟ್ಟು ನನಗೇನು ಆಗಬೇಕಿದೆ?

ಫಿಲ್ಮಿನ ಮೂಲೆಯಲ್ಲಿ ಎಡಗಡೆಯ ಗುರುತಿಗೆ ಬಿಳಿ ಶಾಯಿಯಲ್ಲಿ ಒಂದು ಎಲ್ ಅಕ್ಷರ ಬರೆದಿತ್ತು. ಅದರ ಬಾಲ ಮೀನಿನ ಗಾಳದ ಹಾಗೆ ಮೇಲಕ್ಕೆ ಸುತ್ತಿಕೊಂಡಿತ್ತು. ಶಿಶಿರ ಇವತ್ತಿಗೂ ಹಾಗೇ ಬರೆಯುವುದು.

ಆಗ ಅವನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತೊಳೆದು ತೆಗೆದ ಫಿಲ್ಮಿನಲ್ಲಿ ಹೃದಯ ಬಲಕ್ಕೆ ಕಂಡಾಗ, ತಾನೇ ಗುರುತನ್ನು ತಪ್ಪು ಕಡೆ ಅಂಟಿಸಿರಬೇಕು, ಬೈಸಿಕೊಳ್ಳುತ್ತೇನೆ ಎಂದು ಹೆದರಿದ. ಇನ್ನೊಂದು ಸಲ ಕರೆಸಿ ತೆಗೆಯುವ ಬದಲು ಹಳೆಯ ಗುರುತನ್ನು ಕೆರೆದು, ಫಿಲ್ಮನ್ನು ಮಗುಚಿ, ಕೈಯಲ್ಲೇ ಎಲ್ ಬರೆದು ಕಳಿಸಿದ. ಹೃದಯ ಇರಬೇಕಾದ ಕಡೆ ಇತ್ತು, ಯಾರೂ ಪ್ರಶ್ನೆ ಕೇಳಲಿಲ್ಲ. ಅವನೂ ಮರೆತ.

ಈಗ ಆ ಹುಡುಗಿ ಎದುರಿಗೆ ನಿಂತು, ಏನಾಯಿತು ಎಂದು ಕೇಳುತ್ತಿದ್ದಾಳೆ!

'ಹೇಳಿಬಿಡು,' ಎಂದಿತು ಮನಸ್ಸು. 'ಹೇಳಿದರೆ ಎದ್ದು ಹೋಗುತ್ತಾಳೆ. ಹೋದರೆ ಮತ್ತೆ ಆ ಕೋಣೆಗೇ...' ಎಂದಿತು ಇನ್ನೊಂದು ಮನಸ್ಸು.

ಅವನು ಎರಡನೆಯದರ ಮಾತು ಕೇಳಿದ. ಹಳೆಯ ಚಿತ್ರ ಸರಿಯಿಲ್ಲ ಎಂದಷ್ಟೇ ಹೇಳಿ, ಮಂಗಳೂರಿನಲ್ಲಿ ಶ್ವಾಸಕೋಶದ ವೈದ್ಯೆ ಶಾಂಭವಿಯವರ ಹತ್ತಿರ ಸಮಯ ಗೊತ್ತುಮಾಡಿಕೊಟ್ಟ. ಗೋದಾವರಿಯನ್ನು ಒಪ್ಪಿಸಲು ಎರಡು ದಿನ ಬೇಕಾಯಿತು.

ಮಂಗಳೂರಿನಲ್ಲಿ ಎರಡೂ ಚಿತ್ರಗಳನ್ನು ನೋಡಿದರು, ಮೂಗಿನ ಒಳಗಿನಿಂದ ಜೀವಕೋಶ ಉಜ್ಜಿ ತೆಗೆದರು, ರಕ್ತ ತೆಗೆದರು. ವರದಿಗೆ ಆರು ವಾರ ಎಂದರು. ಆ ಆರು ವಾರ ತನ್ಮಯಿ ಬೆಳಿಗ್ಗೆ ಸಂಜೆ ಉಪ್ಪುನೀರಿನ ಆವಿ ಎಳೆದುಕೊಳ್ಳಬೇಕು, ಮಗ್ಗುಲಾಗಿ ಮಲಗಿ ಬೆನ್ನು ತಟ್ಟಿಸಿಕೊಂಡು ಕಫ ಹೊರಹಾಕಬೇಕು. ಯಾವ ಮಗ್ಗುಲಿಗೆ ಎಷ್ಟು ಹೊತ್ತು ಎಂದು ಶಿಶಿರ ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಟ್ಟ. ದಿನಾ ಫೋನು ಮಾಡಿ ವಿಚಾರಿಸಿದ. ಮೊದಲು ಕಫದ ಮಾತು. ಆಮೇಲೆ ಕುಚ್ಚಿನ ಮಾತು, ನಿಂತುಹೋದ ಬಿಎಸ್ಸಿಯ ಮಾತು... ಕೆಮ್ಮು ಬಂದರೆ ಅವನು ಫೋನಿನ ಆ ಕಡೆ ಸುಮ್ಮನೆ ಕಾಯುತ್ತಿದ್ದ. ಅಷ್ಟು ಸಾಕಿತ್ತು ಅವಳು ಸೋಲಲು.

ಆಷಾಢದ ನಡುವೆ ವರದಿ ಬಂತು.

*

ಡಾಕ್ಟರು ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ತಲೆಗೆ ಹೋಗಲಿಲ್ಲ. ಅದನ್ನು ಬಿಡಿಸಿ ಹೇಳಲು ಶಿಶಿರ ಅವಳನ್ನು ತನ್ನ ಅಪ್ಪ ತಿಮ್ಮಣ್ಣನ ಅಂಗಡಿಗೆ ಕರೆದ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಶೆಡ್ಡು ಅದು. ತಾಮ್ರದ ತಂತಿ, ವಾರ್ನಿಶ್ ವಾಸನೆ. ತಿಮ್ಮಣ್ಣ ಸ್ಟೂಲು ಒರೆಸಿ ಕೊಟ್ಟರು.

ಶಿಶಿರ ಹೇಳಿದ. ನಮ್ಮ ಉಸಿರಿನ ದಾರಿಯ ಉದ್ದಕ್ಕೂ ಜೀವಕೋಶಗಳಿಗೆ ಕಣ್ಣಿಗೆ ಕಾಣದ ಕೂದಲುಗಳಿವೆ. ಅವು ಬಿಡದೆ ಬೀಸುತ್ತ ಕಫವನ್ನು, ಧೂಳನ್ನು ಮೇಲಕ್ಕೆ ತಳ್ಳುತ್ತವೆ. ಬೀಸುವ ಬಲ ಕೊಡುವುದು ಕೂದಲಿನ ಒಳಗೆ ಸಾಲಾಗಿ ಕೂತ ಡೈನೀನ್ ಎಂಬ ಪ್ರೋಟೀನು, ಅದೇ ಅದರ ಮೋಟಾರು. ಆದರೆ ಈ ಮೋಟಾರು ಕೂದಲಿನಲ್ಲಿ ತಯಾರಾಗುವುದಿಲ್ಲ. ಜೀವಕೋಶದ ಹೊಟ್ಟೆಯೊಳಗೆ ಬಿಡಿಭಾಗಗಳೆಲ್ಲ ಒಂದು ಹನಿಯಾಗಿ ಗುಂಪುಗೂಡುತ್ತವೆ. ಬೇರೆ ಪ್ರೋಟೀನುಗಳು ಅಲ್ಲಿ ಅವನ್ನು ಮಡಚಿ, ಜೋಡಿಸುತ್ತವೆ. ಪೂರ್ತಿಯಾದ ಮೇಲೆಯೇ ಕೂದಲಿಗೆ ಸಾಗಣೆ. ಜೋಡಿಸುವ ಆ ಕೆಲಸಗಾರರಲ್ಲಿ ಒಬ್ಬ ತನ್ಮಯಿಯ ಜೀವಕೋಶಗಳಲ್ಲಿ ಇಲ್ಲ.

"ಬಿಡಿಭಾಗ ಎಲ್ಲ ಇದ್ಯಾ?" ತಿಮ್ಮಣ್ಣ ಕೇಳಿದರು.

"ಎಲ್ಲ ಇದೆ. ಜೋಡಣೆ ಆಗ್ಲಿಲ್ಲ ಅಂತ ಜೀವಕೋಶವೇ ಅದನ್ನ ಮುರಿದು ಹಾಕುತ್ತೆ. ಕೂದ್ಲು ಇದೆ, ಮೋಟಾರ್ ಇಲ್ಲ. ಬೀಸಲ್ಲ."

ತಿಮ್ಮಣ್ಣ ಬಿಚ್ಚಿಟ್ಟ ಮೋಟಾರಿನ ಕಡೆ ನೋಡಿ ತಲೆಯಾಡಿಸಿದರು. "ಇಷ್ಟೇಯಾ ಮಾರಾಯ್ತಿ! ನಮ್ಮ ಶೆಡ್ಡಲ್ಲಿ ತಂತಿ ಸುತ್ತೋನು ರಜೆ ಹಾಕಿದ್ರೆ ಹಿಂಗೇ. ಸಾಮಾನು ಪೂರಾ ಇರುತ್ತೆ, ನೀರು ಮಾತ್ರ ಮೇಲೆ ಬರಲ್ಲ. ಮೋಟಾರ್ ಬರೋವರೆಗೆ ಕೊಡದಲ್ಲಿ ಎತ್ತಿ ಹಾಕ್ಬೇಕು, ಅಷ್ಟೇ. ಇದಕ್ಕೆಂತ ನಾಚಿಕೆ?"

ತನ್ಮಯಿಗೆ ನಗು ಬಂತು, ಅಳುವೂ ಬಂತು. ಟಿಬಿ ಇರಲೇ ಇಲ್ಲ. ಯಾರಿಗೂ ಹರಡುವುದಿಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಪ್ರತಿ ಬಂದು ಹೀಗಾಗಿದೆ, ಯಾರ ಪಾಪವೂ ಅಲ್ಲ. ಪೂರ್ತಿ ಗುಣವಾಗುವ ಔಷಧ ಇನ್ನೂ ಇಲ್ಲ. ಮಕ್ಕಳಾಗುವುದು ಸ್ವಲ್ಪ ಕಷ್ಟವಾಗಬಹುದು. ಆದರೆ ದಿನಾ ಎದೆ ಶುಚಿಮಾಡಿಕೊಂಡರೆ ಓದಬಹುದು, ದುಡಿಯಬಹುದು, ಬದುಕಬಹುದು!

"ಮತ್ತೆ ಹೃದಯ?" ಎಂದು ಕೇಳಿದಳು.

ತಾಯಿಯ ಹೊಟ್ಟೆಯಲ್ಲಿರುವಾಗ ಎಡ ಯಾವುದು ಬಲ ಯಾವುದು ಎಂದು ತೋರಿಸುವುದೂ ಅಂಥ ಕೂದಲುಗಳೇ, ಅವು ಬೀಸದಿದ್ದರೆ ಹೃದಯ ಯಾವ ಕಡೆಗಾದರೂ ಹೋಗಬಹುದು ಎಂದ ಶಿಶಿರ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಆ ಸಂಜೆ ಅವಳು ವರದಿಯನ್ನು ಇನ್ನೊಮ್ಮೆ ಓದಿದಳು. ಕೊನೆಯಲ್ಲಿ ಶಾಂಭವಿಯವರು ಬರೆದಿದ್ದರು: ಹಳೆಯ ಫಿಲ್ಮನ್ನು ಯಾರೋ ಮಗುಚಿ ಕೈಯಲ್ಲಿ ಗುರುತು ಹಾಕಿದ್ದಾರೆ, ಹೃದಯ ಬಲಕ್ಕಿರುವುದು ಆಗಲೇ ಕಂಡಿದ್ದರೆ ಈ ಕಾಯಿಲೆ ಬಹುಶಃ ಅಂದೇ ಗೊತ್ತಾಗುತ್ತಿತ್ತು.

ಯಾರೋ... ಅವಳು ಫಿಲ್ಮನ್ನು ಕಿಟಕಿಗೆ ಹಿಡಿದಳು. ಬಿಳಿ ಎಲ್. ಗಾಳದಂಥ ಬಾಲ. ಪಕ್ಕದ ಗೋಡೆಯ ಮೇಲೆ ಶಿಶಿರ ಬರೆದುಕೊಟ್ಟ ಹಾಳೆ ಅಂಟಿಸಿತ್ತು. ಎಡ ಮಗ್ಗುಲು ಎನ್ನುವಲ್ಲಿ ಎಲ್. ಅದೇ ಬಾಲ.

ಅವಳು ಹಾಳೆಯನ್ನು ಗೋಡೆಯಿಂದ ಕಿತ್ತಳು.

*

ಮರುದಿನ ಅವಳು ಫಿಲ್ಮನ್ನೂ ಹಾಳೆಯನ್ನೂ ಅವನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

"ನಂದೇ," ಅಂದ ಶಿಶಿರ.

"ಯಾವಾಗ ಗೊತ್ತಾಯ್ತು?"

"ನೀವು ಇದನ್ನ ತಂದ ದಿನವೇ. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಹೆದರಿದೆ. ಮೊದ್ಲು ನಿಮ್ಮ ಟ್ರೀಟ್‌ಮೆಂಟ್ ತಪ್ಪುತ್ತೆ ಅಂತ. ಆಮೇಲೆ... ನನಗೋಸ್ಕರ. ನೀವಿಲ್ದೆ ಆಗಲ್ಲ ಅನ್ನಿಸೋಕೆ ಶುರುವಾಯ್ತು."

ಪ್ರೀತಿಯ ಮಾತು ಕೇಳಲು ಅವಳು ಎಷ್ಟು ದಿನದಿಂದ ಕಾದಿದ್ದಳು! ಬರುವುದಾದರೂ ಹೀಗೆ ಬರಬೇಕೇ?

"ಹೆದರಿ ಫಿಲ್ಮ್ ಮಗುಚಿದ್ದನ್ನ ಕ್ಷಮಿಸ್ಬಹುದಿತ್ತೇನೋ," ಅಂದಳು. "ಗೊತ್ತಾದ ಮೇಲೂ ಮುಚ್ಚಿಟ್ರಲ್ಲ. ಮುಚ್ಚಿಡೋರು ನಮ್ಮನೇಲೇ ಬೇಕಾದಷ್ಟು ಜನ ಇದ್ದಾರೆ ಶಿಶಿರ. ಇನ್ನೊಬ್ರು ನಂಗೆ ಬೇಡ."

ಮನೆಗೆ ಬಂದವಳು ಫಿಲ್ಮು ಮಗುಚಿದ್ದು ಯಾರೆಂದು ಅಮ್ಮನಿಗೆ ತಿಳಿಸಿ, ಶೃಂಗೇರಿಯವರಿಗೆ ಒಪ್ಪಿಗೆ ಕೊಡಲು ಹೇಳಿ ಕೋಣೆ ಸೇರಿದಳು. ಅವನ ಫೋನು ಎತ್ತಲಿಲ್ಲ. ಕುಚ್ಚಿನ ಗಂಟಿನ ಮೇಲೆ ಗಂಟು... ಎಲ್ಲಿ ಹೋದರೂ ಇದೇ ನಾಲ್ಕು ಗೋಡೆ, ಇಲ್ಲಿ ಅಮ್ಮನ ಮಿಕ್ಸಿ, ಅಲ್ಲಿ ಅತ್ತೆಯ ಮಿಕ್ಸಿ ಎಂದುಕೊಂಡಳು.

ಗೋದಾವರಿಗೆ ಬೇರೆಯೇ ಚಿಂತೆ. ಹುಡುಗನ ಕಡೆಯವರಿಗೆ ಚಿತ್ರ ತೋರಿಸಬೇಕು. ಹೃದಯ ಬಲಕ್ಕಿರುವ ಚಿತ್ರ ಕಂಡರೆ ಅವರು ಹೊಸ್ತಿಲು ದಾಟುವರೇ? ಶ್ರಾವಣದ ಮೊದಲ ವಾರವೇ ಅವರು ಬರುವವರಿದ್ದರು. ಹಿಂದಿನ ದಿನ ಗೋದಾವರಿ ಮಗಳಿಗೆ ಹೇಳದೆ ಕೊಪ್ಪಕ್ಕೆ ಹೋದರು. ಮಧ್ಯಾಹ್ನ ಬಂದವರ ಮುಖ ಕೆಂಪಾಗಿತ್ತು.

"ಎಂತ ಜನ ಮಾರಾಯ್ತಿ ಅವ್ನು! ಒಂದು ಸಲ ಮಗುಚಿದ್ದಿ, ಇನ್ನೊಂದು ಸಲ ಮಗುಚಿ ಕೊಡು, ನಮ್ಮ ಕೂಸಿನ ಬಾಳು ನೇರ ಆಗ್ತದೆ ಅಂತ ಕೈ ಮುಗಿದೆ. ಆಗಲ್ಲ ಅಂದ. ಗೊತ್ತಿಲ್ದೆ ಮಾಡಿದ್ದಕ್ಕೇ ಒಂಬತ್ತು ವರ್ಷ ಹೋಯ್ತು, ಗೊತ್ತಿದ್ದು ಮಾಡಲ್ಲ ಅಂದ. ತನ್ಮಯಿ ಯಾರ ಮನೆಗೆ ಹೋದ್ರೂ ಅವ್ರ ಹೃದಯ ಇರೋ ಕಡೆಯೇ ಇಟ್ಕೊಂಡು ಹೋಗ್ಲಿ ಅಂದ. ಕೊನೆಗೆ ಇದನ್ನ ಕೊಟ್ಟ."

ಅದು ಹಳದಿ ಲಕೋಟೆ. ಒಳಗೆ ಅವಳ ಹೊಸ ಎಕ್ಸ್-ರೇ, ಇದ್ದದ್ದು ಇದ್ದ ಹಾಗೆ. ಜೊತೆಗೆ ಸಹಿ ಹಾಕಿದ ಒಂದು ಕಾಗದ. ಒಂಬತ್ತು ವರ್ಷದ ಹಿಂದೆ ತನ್ಮಯಿಯವರ ಚಿತ್ರವನ್ನು ಮಗುಚಿದವನು ತಾನು, ಟಿಬಿ ಎಂಬ ಅನುಮಾನಕ್ಕೆ ಆ ತಪ್ಪು ಚಿತ್ರವೂ ಕಾರಣ, ಬೇಕಾದವರಿಗೆಲ್ಲ ಇದನ್ನು ತೋರಿಸಬಹುದು ಎಂದು ಬರೆದಿದ್ದ. ಇದರ ಒಂದು ಪ್ರತಿಯನ್ನು ಎಕ್ಸ್-ರೇ ಸೆಂಟರಿನ ಮಾಲೀಕರಿಗೂ ಕೊಟ್ಟಿದ್ದ.

'ಈ ಕಾಗದ ಕೊಟ್ಟರೆ ಅವನ ಕೆಲಸ ಹೋಗುತ್ತದೆ. ಚಿತ್ರ ಮಗುಚಿಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಬೇರೆಯವರ ಮನೆ ಸೇರುತ್ತೇನೆಂದು ಗೊತ್ತಿದ್ದೂ...'

ಅವಳು ಆ ಕಾಗದವನ್ನು ಮೂರು ಸಲ ಓದಿದಳು.

*

ಮರುದಿನ ಬೆಳಿಗ್ಗೆ ಶೃಂಗೇರಿಯವರು ಬಂದರು. ಅಪ್ಪ ಕೃಷ್ಣಪ್ಪ ಅವರನ್ನು ಕೂರಿಸಿದರು. ಚಿತ್ರ ಇನ್ನೂ ಕೈಗೆ ಬಂದಿಲ್ಲ ಎಂದು ಗೋದಾವರಿ ಹೇಳುತ್ತಿದ್ದದ್ದು ಒಳಕೋಣೆಗೆ ಕೇಳಿಸಿತು. ತನ್ಮಯಿಯ ಬಾಯಲ್ಲಿ ಎರಡು ಲವಂಗಗಳಿದ್ದವು.

ಕೆಮ್ಮು ಬಂತು.

ಅಡುಗೆಮನೆಗೆ ಓಡುವ ಅಮ್ಮನ ಹೆಜ್ಜೆ ಕೇಳಿಸಿತು. ಮಿಕ್ಸಿ ಗುರ್ರೆಂದಿತು.

ತನ್ಮಯಿ ಲವಂಗ ಉಗಿದಳು. ಲಕೋಟೆ ಹಿಡಿದು ಹೊರಗೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಚಾಚಿ ಸ್ವಿಚ್ ಆರಿಸಿದಳು.

"ಮಿಕ್ಸಿ ಬೇಡ ಅಮ್ಮ. ಖಾಲಿ ಇದೆ."

ಜಗಲಿಯಲ್ಲಿ ಎಲ್ಲರ ಎದುರು ನಿಂತು ಅವಳು ಪೂರ್ತಿ ಕೆಮ್ಮಿದಳು. ಯಾರ ಮುಖವನ್ನೂ ನೋಡಲಿಲ್ಲ, ಅವಸರ ಮಾಡಲಿಲ್ಲ, ಕ್ಷಮೆ ಕೇಳಲಿಲ್ಲ. ಕರವಸ್ತ್ರ ಮಡಚಿಕೊಂಡು ಚಿತ್ರ ತೆಗೆದು ಯಜ್ಞೇಶನ ಕೈಗೆ ಕೊಟ್ಟಳು. ಕಾಯಿಲೆಯ ಹೆಸರು, ಇಲ್ಲದ ಕೆಲಸಗಾರ, ಬೀಸದ ಕೂದಲು, ಬಲಕ್ಕಿರುವ ಹೃದಯ, ಮಕ್ಕಳ ವಿಷಯ, ಎಲ್ಲವನ್ನೂ ಹೇಳಿದಳು. ಕೆಟ್ಟವನಲ್ಲ ಯಜ್ಞೇಶ. ಹರಡುತ್ತದೆಯೇ ಎಂದು ಕೇಳಿದ, ಇಲ್ಲ ಎಂದಾಗ ಹಗುರಾದ. ಆದರೆ ಅವನ ತಾಯಿ ಆಗಲೇ ಚೀಲ ಎತ್ತಿಕೊಂಡಿದ್ದರು. ಫೋನು ಮಾಡುತ್ತೇವೆ ಎಂದು ಹೇಳಿ ಹೊರಟರು. ಆ ಫೋನು ಬರುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು.

ಗೋದಾವರಿ ಅತ್ತರು, ಬೈದರು, ಮತ್ತೆ ಅತ್ತರು. ಆಮೇಲೆ ಏನನ್ನಿಸಿತೋ, ಎದ್ದು ಹೋಗಿ ಮಿಕ್ಸಿಯ ವಯರು ಕಿತ್ತು ಸುತ್ತಿಟ್ಟು ಬಂದು ಮಗಳ ಬೆನ್ನ ಹಿಂದೆ ಕೂತರು.

"ಹೆಂಗೆ ತಟ್ಟೋದು ಅಂತ ತೋರ್ಸು," ಅಂದರು. ಎರಡು ತಿಂಗಳಿಂದ ಆ ಕೆಲಸ ಅಪ್ಪನದಾಗಿತ್ತು. ಸ್ವಲ್ಪ ಹೊತ್ತು ತಟ್ಟಿದ ಮೇಲೆ ಅವರೇ ಕೇಳಿದರು, "ಕೊಪ್ಪಕ್ಕೆ ಹನ್ನೊಂದೂವರೆಗೆ ಬಸ್ಸಿದೆ. ಹೋಗ್ತೀಯೇನೇ?"

*

ಎಕ್ಸ್-ರೇ ಕೋಣೆಯಲ್ಲಿ ಶಿಶಿರ ಒಬ್ಬನೇ ಇದ್ದ. ಹಳೆಯ ಫಿಲ್ಮುಗಳ ಗಂಟು ಬಿಚ್ಚಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೈಯಲ್ಲಿ ಗುರುತು ಹಾಕಿದ್ದು ಬೇರೆ ಯಾವುದಾದರೂ ಇದೆಯೇ ಎಂದು ಹುಡುಕುತ್ತಿದ್ದನಂತೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಂಗಳ ಕೊನೆಗೆ ಹೇಳುತ್ತೇನೆ ಎಂದಿದ್ದರಂತೆ ಮಾಲೀಕರು.

ಅವಳನ್ನು ಕಂಡು ಎದ್ದು ನಿಂತ.

"ಶೃಂಗೇರಿಯವ್ರು ಹೋದ್ರು," ಅಂದಳು ತನ್ಮಯಿ. "ನಾನೇ ಎಲ್ಲ ಹೇಳ್ದೆ. ಸಿಟ್ಟು ಪೂರ್ತಿ ಹೋಗಿಲ್ಲ, ಅದನ್ನೂ ಮುಚ್ಚಿಡಲ್ಲ. ಕಾಲೇಜಿಗೆ ಮತ್ತೆ ಅರ್ಜಿ ಹಾಕ್ತೀನಿ. ದಿನಾ ಎರಡು ಹೊತ್ತು ಬೆನ್ನು ತಟ್ಬೇಕು, ಬದುಕಿರೋವರೆಗೂ. ನಿಮ್ಮ ಹತ್ರ ಆಗುತ್ತಾ?"

"ಆಗುತ್ತೆ."

"ನನ್ನಿಂದ ಏನೂ ಮುಚ್ಚಿಡಬಾರ್ದು. ಒಂದು ದಿನವೂ."

"ಇಲ್ಲ," ಅಂದ. ಕಣ್ಣು ತುಂಬಿತ್ತು. "ನಿಮ್ಮನ್ನ ಪ್ರೀತಿಸ್ತೀನಿ ಅನ್ನೋದು ಬಿಟ್ರೆ ಇನ್ನೇನೂ ಉಳಿದಿಲ್ಲ. ಅದನ್ನೂ ಹೇಳಾಯ್ತಲ್ಲ."

ಅವಳು ಹತ್ತಿರ ಬಂದಳು. ಅವನ ಕೈ ಹಿಡಿದು ತನ್ನ ಎದೆಯ ಬಲಗಡೆ ಇಟ್ಟುಕೊಂಡಳು. ಬಡಿತ ಅವನ ಅಂಗೈಗೆ ಸಿಕ್ಕಿತು.

"ಮೊದಲ ದಿನ ನಂಗೆ ಉಸಿರು ಹಿಡ್ಕೊಳ್ಳಿ ಅಂದಿದ್ರಿ," ಎಂದಳು. "ಆಮೇಲೆ ಹೇಳೋದನ್ನ ಹೇಳಲೇ ಇಲ್ಲ. ನಾನಿನ್ನೂ ಹಿಡ್ಕೊಂಡೇ ಇದ್ದೀನಿ."

ಶಿಶಿರ ಅವಳ ಕಣ್ಣೊಳಗೆ ನೋಡಿದ.

"ಬಿಡಿ, ತನ್ಮಯಿ."

ಅವಳು ಬಿಟ್ಟಳು.